ಓದಿ ಹೇಳಲಾಗಿ ಕೇಳಿ ಒಪ್ಪಿ

ನಮ್ಮ ತಾತಂದಿರ ಹೆಬ್ಬೆಟ್ಟಿನ ಮೇಲ್ಗಡೆ ಒಂದು ಸಾಲು ಇರುತ್ತೆ, ನೋಡಿದ್ದೀರಾ ಗೆಳೆಯರೇ? ಕ್ರಯಪತ್ರ ಇರಲಿ, ಭೋಗ್ಯದ ಪತ್ರ ಇರಲಿ, ಪೊಲೀಸ್ ಠಾಣೆಯ ಹೇಳಿಕೆ ಇರಲಿ, ಕೊನೆಗೆ ಬಂದು ನಿಲ್ಲೋದು ಅದೇ ಸಾಲು. 'ಓದಿ ಹೇಳಲಾಗಿ ಕೇಳಿ ಸರಿಯಿದೆಯೆಂದು ಒಪ್ಪಿ ಹೆಬ್ಬೆಟ್ಟಿನ ಗುರುತು ಮಾಡಿರುತ್ತೇನೆ.' ಈ ನಾಡಿನಲ್ಲಿ ಛಾಪಾಕಾಗದದ ಮೇಲೆ ಬರೆದ ಸುಳ್ಳುಗಳಲ್ಲಿ ಇದಕ್ಕಿಂತ ದೊಡ್ಡ ಸುಳ್ಳು ನನಗೆ ಸಿಕ್ಕಿಲ್ಲ. ಓದಿ ಹೇಳಿದವನು ಯಾರು? ಬರೆದವನೇ. ಬರೆಸಿದವನು ಪಕ್ಕದಲ್ಲಿ ಬೀಡಿ ಸೇದುತ್ತಾ ಕೂತಿದ್ದ. ಹೆಬ್ಬೆಟ್ಟು ಒತ್ತಿದವನಿಗೆ ಹೊತ್ತು ಮುಳುಗೋದರೊಳಗೆ ಮನೆಗೆ ರಾಗಿ ಮುಟ್ಟಿಸಬೇಕಿತ್ತು. ಅವನು 'ಕೇಳಿದ', ಅವನು 'ಒಪ್ಪಿದ'.

ಹೋದ ಯುಗಾದಿಗೆ ಊರಿಗೆ ಹೋಗಿದ್ದೆ. ಹೊಸಕೋಟೆ ಕಡೆಯ ಊರು, ಹೆಸರು ಬೇಡ. ಕೇರಿಯ ಒಬ್ಬ ಅಜ್ಜಿ ಪ್ಲಾಸ್ಟಿಕ್ ಕವರು ಹಿಡ್ಕೊಂಡು ಬಂದಳು. "ನೀನು ಓದ್ದೋನಲ್ವಾ, ಇದ್ರಾಗೇನು ಬರ್ದವ್ರೆ ನೋಡಪ್ಪ" ಅಂದಳು. ಒಳಗೆ ಒಂದು ಆದೇಶ. ಕನ್ನಡದಲ್ಲೇ ಇತ್ತು. ನಾನು ಕನ್ನಡ ಮೇಜರ್ ಬಿ.ಎ. ಪಂಪನನ್ನು ಓದಿ ಪಾಸಾದವನು. ನಾಲ್ಕು ಸಭೆಗಳಲ್ಲಿ ಕವನ ಓದಿ ಚಪ್ಪಾಳೆ ಗಿಟ್ಟಿಸಿದವನು. ಗಟ್ಟಿಯಾಗಿ ಓದಿದೆ. ಮೇಲ್ಮನವಿದಾರರು ಅತೀವ ವಿಳಂಬ ಹಾಗೂ ನಿರ್ಲಕ್ಷ್ಯ ಎಸಗಿದ್ದಾರೆ, ಸಮಂಜಸ ಕಾಲಾವಧಿಯಲ್ಲಿ ಅಧಿನಿಯಮದ ಉಪಬಂಧಗಳನ್ನು ಆವಾಹಿಸಿಲ್ಲ, ಆದ್ದರಿಂದ ವಜಾ. ಹೀಗೆ ಇತ್ತು.

ಅಜ್ಜಿ ಕಣ್ಣರಳಿಸಿ ಕೇಳಿದಳು: "ಆವಾಹನೇನಾ? ಅದು ಮಾರಮ್ಮಂಗೆ ಮಾಡ್ತಾರಲ್ಲಪ್ಪ?"

ನಗು ಬಂತು. ಆಮೇಲೆ ನಾಚಿಕೆ ಬಂತು. ಯಾಕಂದ್ರೆ ಆ ವಾಕ್ಯದ ಅರ್ಥ ಬಿಡಿಸಿ ಹೇಳೋಕೆ ನನಗೂ ಬರಲಿಲ್ಲ. ನಾನೂ 'ಓದಿ ಹೇಳಿದೆ', ಅವಳೂ 'ಕೇಳಿದಳು', ಅಷ್ಟೇ. ಆ ಬರೆಯೋನಿಗೂ ನನಗೂ ಏನು ವ್ಯತ್ಯಾಸ? ಅವನಿಗೆ ಅರ್ಥ ಗೊತ್ತಿತ್ತು, ಮುಚ್ಚಿಟ್ಟ. ನನಗೆ ಅದೂ ಗೊತ್ತಿರಲಿಲ್ಲ.

ನಿರ್ಲಕ್ಷ್ಯ ಅನ್ನೋ ಪದ ಮಾತ್ರ ಅವಳಿಗೆ ತಗುಲಿತು. "ನಾನು ಅಸಡ್ಡೆ ಮಾಡಿದ್ನಂತಾ? ನಲವತ್ತು ವರ್ಷದಿಂದ ಆ ಹೊಲದ ಬದಾದ ಮೇಲೇ ನಡ್ಕೊಂಡು ಕೂಲಿಗೆ ಹೋಯ್ತಾ ಇವ್ನಿ. ದಿನಾ ನೋಡ್ತೀನಿ" ಅಂದಳು.

ಅಜ್ಜಿಯ ಕತೆ ನಿಮ್ಮ ಕೇರಿಯ ಕತೆಯೇ. ಗಂಡನಿಗೆ ದರಖಾಸ್ತಿನಲ್ಲಿ ಎರಡು ಎಕರೆ ಸಿಕ್ಕಿತ್ತು. ಮಗನಿಗೆ ಕಾಯಿಲೆ ಆದಾಗ ಊರ ದೊಡ್ಡವರೊಬ್ಬರು ಸಾಲ ಕೊಟ್ಟರು, 'ಒಂದು ಅಗ್ರಿಮೆಂಟು ಮಾಡ್ಕೊಳಾಣ' ಅಂದರು. ಹೆಬ್ಬೆಟ್ಟು ಬಿತ್ತು. ಹೊಲ ಹೋಯಿತು. ಮಗನೂ ಉಳಿಯಲಿಲ್ಲ. ಈಗ ಅಲ್ಲಿ ಲೇಔಟಿನ ಕಲ್ಲು ನೆಟ್ಟಿದ್ದಾರೆ, ಬಣ್ಣ ಬಳಿದ ಕಮಾನು ನಿಂತಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನದಿಂದ ಆ ವಾಕ್ಯದ ಒಂದೊಂದು ಪದದ ಹಿಂದೆ ಬಿದ್ದೆ. ಲಾ ಓದೋ ಗೆಳೆಯರನ್ನ ಪೀಡಿಸಿದೆ. ಹಾಗೆ ತಿಳಿದುಕೊಂಡದ್ದನ್ನ ನಿಮ್ಮ ಮುಂದೆ ಇಡ್ತಾ ಇದ್ದೀನಿ. ಕಾನೂನು ಕಾಲೇಜಿನವರು ನಕ್ಕರೆ ನಗಲಿ.

ಮೊದಲು ಆ ಕಾಯ್ದೆ. 1978ರದು, ದೇವರಾಜ ಅರಸು ಅವರ ಸರ್ಕಾರದ ಕಾಲದ್ದು, 1979ರ ಜನವರಿ 1ರಿಂದ ಜಾರಿ. ಹೆಸರು ಮೂರು ಮೊಳ ಇದೆ. ಜನ ಇಟ್ಟ ಹೆಸರು ಪಿ.ಟಿ.ಸಿ.ಎಲ್. ಕನ್ನಡದಲ್ಲಿ ಪರಭಾರೆ ನಿಷೇಧ ಕಾಯ್ದೆ. ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನನ್ನ ಮಂಜೂರಾತಿಯ ಷರತ್ತು ಮೀರಿ ಯಾರಾದರೂ ತಗೊಂಡಿದ್ದರೆ, ಇಲ್ಲ 1979ರ ಮೇಲೆ ಸರ್ಕಾರದ ಅನುಮತಿ ಇಲ್ಲದೆ ತಗೊಂಡಿದ್ದರೆ, ಆ ವ್ಯವಹಾರ ಶೂನ್ಯ. ಅನೂರ್ಜಿತ ಅಂತ ಬರೀತಾರೆ. ಅಂದ್ರೆ ಅದು ನಡೆದೇ ಇಲ್ಲ ಅಂತ ಲೆಕ್ಕ. ಜಮೀನನ್ನ ಎ.ಸಿ. ಸಾಹೇಬರು ಬಿಡಿಸಿ ವಾಪಸ್ಸು ಕೊಡಿಸಬೇಕು. ಜಮೀನುದಾರರು ಈ ಕಾಯ್ದೆಯನ್ನು ಸುಪ್ರೀಂಕೋರ್ಟಿನ ತನಕ ಎಳೆದಾಡಿದರು. 1984ರಲ್ಲಿ ಸುಪ್ರೀಂಕೋರ್ಟು ಎತ್ತಿಹಿಡಿಯಿತು.

ಈಗ 'ಪರಭಾರೆ' ಅನ್ನೋ ಪದ ತಗೊಳ್ಳಿ. ನಮ್ಮ ಜನ ಇದನ್ನ ಮಾರಾಟ ಅಂತ ತಿಳ್ಕೊಂಡಿದ್ದಾರೆ. "ನಾವು ಮಾರಿಲ್ಲ ಸ್ವಾಮಿ, ಬರೀ ಅಗ್ರಿಮೆಂಟು", "ಬರೀ ಭೋಗ್ಯ", "ಗುತ್ತಿಗೆಗೆ ಕೊಟ್ಟಿದ್ದೋ" ಅಂತಾರೆ. ಮಾರಿಲ್ಲದ ಮೇಲೆ ಕಾಯ್ದೆ ನಮಗೆ ಸೇರಲ್ಲ ಅಂತ ಸುಮ್ಮನೆ ಕೂತವರು ಎಷ್ಟು ಜನ! ಕಾಯ್ದೆಯಲ್ಲಿ ಪರಭಾರೆಯ ಹೊಟ್ಟೆ ಬಹಳ ದೊಡ್ಡದು. ಕ್ರಯ, ದಾನ, ಅದಲುಬದಲು, ಸ್ವಾಧೀನ ಕೊಟ್ಟ ಅಡಮಾನ, ಕೊಡದ ಅಡಮಾನ, ಗುತ್ತಿಗೆ ಎಲ್ಲಾ ಅದರೊಳಗೆ. ಮುಂದೆ ಮಾರುತ್ತೇನೆ ಅನ್ನೋ ಕರಾರೂ ಅದರೊಳಗೆ. ಹೊರಗೆ ಉಳಿಯೋದು ಎರಡೇ: ಮನೆಯವರ ನಡುವಿನ ಪಾಲು, ಮತ್ತೆ ವಿಲ್ಲು. ಅಜ್ಜಿಯ ಗಂಡ ಮಾಡಿದ ಅಗ್ರಿಮೆಂಟೂ ಪರಭಾರೆಯೇ. ಇದನ್ನ ಆ ಕೇರಿಗೆ ನಲವತ್ತು ವರ್ಷದಲ್ಲಿ ಒಬ್ಬನಾದರೂ ಓದಿ ಹೇಳಿದನಾ?

ಇನ್ನೊಂದು ಇದೆ. ಅರ್ಜಿ ಯಾರು ಕೊಡಬಹುದು? ಮಂಜೂರುದಾರ ಇಲ್ಲ ಅವನ ವಾರಸುದಾರ ಮಾತ್ರ ಅಂದ್ಕೊಂಡಿದ್ದೆ. ಅಲ್ಲ. 5ನೇ ಕಲಮಿನ ಪ್ರಕಾರ ಹಿತಾಸಕ್ತಿ ಇರೋ ಯಾರಾದರೂ ಅರ್ಜಿ ಕೊಡಬಹುದು, ಯಾವ ವ್ಯಕ್ತಿಯಾದರೂ ಬರವಣಿಗೆಯಲ್ಲಿ ಮಾಹಿತಿ ಕೊಡಬಹುದು, ಎ.ಸಿ. ತಾವೇ ಖುದ್ದು ಕೈಗೆತ್ತಿಕೊಳ್ಳಬಹುದು. ಯಾವ ವ್ಯಕ್ತಿಯಾದರೂ ಅಂದ್ರೆ ಹಾಸ್ಟೆಲಿನಲ್ಲಿ ತಿಳಿಸಾರು ಉಣ್ಣುವ ನೀವೂ ಸೇರಿದಿರಿ. ಅದೇ ಕಲಮಿನಲ್ಲಿ ಮತ್ತೊಂದು ಮಾತಿದೆ. ಮಂಜೂರಾದ ಜಮೀನು ಬೇರೆಯವರ ಕೈಯಲ್ಲಿದ್ದರೆ, ಅದು ಶೂನ್ಯ ಪರಭಾರೆಯಿಂದಲೇ ಬಂದದ್ದು ಅಂತ ಮೊದಲು ಭಾವಿಸಬೇಕು. ಅಲ್ಲ ಅಂತ ರುಜುವಾತು ಮಾಡೋ ಹೊರೆ ಹಿಡ್ಕೊಂಡಿರೋನದು. ಕಚೇರಿಗೆ ಹೋದರೆ ಮಾತ್ರ ಗುಮಾಸ್ತೆ ಕೇಳೋದು ಯಾರನ್ನ? ಅಜ್ಜಿಯನ್ನ. "ದಾಖಲೆ ಎಲ್ಲಮ್ಮ? ಮೂಲ ಮಂಜೂರಾತಿ ಎಲ್ಲಮ್ಮ? ಕಡತ ಸಿಗ್ತಿಲ್ಲ, ಹಿಂಬರಹ ಕೊಡ್ತೀವಿ ಹೋಗಮ್ಮ."

ಈಗ ಅಜ್ಜಿಯ ಕೊರಳಿಗೆ ಬಿದ್ದ ಹಗ್ಗ: 'ಸಮಂಜಸ ಕಾಲಾವಧಿ'. 1978ರ ಕಾಯ್ದೆಯಲ್ಲಿ ಅರ್ಜಿ ಹಾಕೋಕೆ ಇಷ್ಟೇ ವರ್ಷ ಅಂತ ಇರಲಿಲ್ಲ. 2017ರ ಅಕ್ಟೋಬರಿನಲ್ಲಿ ಸುಪ್ರೀಂಕೋರ್ಟು ಒಂದು ಕೇಸಿನಲ್ಲಿ ಹೇಳಿತು: ಕಾಯ್ದೆ ಕಾಲ ಗೊತ್ತುಮಾಡದಿದ್ದರೂ ಸಮಂಜಸ ಕಾಲದೊಳಗೆ ಬರಬೇಕು. ಸಮಂಜಸ ಅಂದ್ರೆ ಎಷ್ಟು? ಐದು ವರ್ಷವೋ, ಹತ್ತೋ, ಇಪ್ಪತ್ತೋ? ಅಂಕಿ ಇಲ್ಲ. ಅಳತೆ ಇಲ್ಲದ ಸೇರಿನಲ್ಲಿ ನಮ್ಮ ರಾಗಿ ಅಳೆದರು. ಆ ತೀರ್ಪನ್ನ ಮುಂದಿಟ್ಟುಕೊಂಡು ರಾಜ್ಯದ ತುಂಬ ಅರ್ಜಿಗಳು ವಜಾ ಆಗ್ತಾ ಹೋದವು.

ನಮ್ಮ ಜನ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಬಿಸಿಲು ಮಳೆ ಅನ್ನದೆ ಕೂತರು. 2023ರಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ಮಾಡಿತು. ಬೇರೆ ಯಾವ ಕಾನೂನಿನಲ್ಲಿ ಏನೇ ಇದ್ದರೂ ಈ ಕಾಯ್ದೆಯ ಮೊರೆ ಹೋಗೋಕೆ ಕಾಲಮಿತಿ ಇಲ್ಲ, ಇದು ನಡೀತಿರೋ ಕೇಸುಗಳಿಗೂ ಅನ್ವಯ. ಪಟಾಕಿ ಹೊಡೆದೆವು, ನೀವೂ ಹೊಡೆದಿರಬಹುದು.

2024ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಒಂದು ಕೇಸಿನಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಹೇಳಿತು: ತಿದ್ದುಪಡಿ ತೆಗೆದದ್ದು ಕಾಲಮಿತಿಯನ್ನ, ಅಂದ್ರೆ 'ಲಿಮಿಟೇಶನ್'. 'ಡಿಲೇ ಅಂಡ್ ಲ್ಯಾಚಸ್' ಅಂದ್ರೆ ವಿಳಂಬ ಮತ್ತು ನಿರ್ಲಕ್ಷ್ಯ ಬೇರೆ. ಅದನ್ನ ತಿದ್ದುಪಡಿ ಮುಟ್ಟಿಲ್ಲ.

ಏನು ವ್ಯತ್ಯಾಸ? ಬಸ್ಸಿನ ಉದಾಹರಣೆ ಕೊಡ್ತೀನಿ. ಕಾಲಮಿತಿ ಅಂದ್ರೆ ದೊಡ್ಡಬಳ್ಳಾಪುರದ ಬಸ್ಸು ಆರು ಗಂಟೆಗೆ ಹೊರಟುಹೋಯ್ತು. ನೀವು ಆರೂ ಐದಕ್ಕೆ ಬಂದಿರಿ, ಬಸ್ಸೇ ಇಲ್ಲ. ಲ್ಯಾಚಸ್ ಅಂದ್ರೆ ಬಸ್ಸು ನಿಂತಿದೆ, ಬಾಗಿಲು ತೆಗೆದಿದೆ, ಸೀಟೂ ಖಾಲಿ ಇದೆ. ಆದರೆ ಕಂಡಕ್ಟರು ನಿಮ್ಮ ಮುಖ ನೋಡಿ "ಇಷ್ಟೊತ್ತು ಎಲ್ಲಿ ಸತ್ತಿದ್ರಿ? ಹತ್ತಬೇಡಿ" ಅಂತಾನೆ. ವಿಧಾನಮಂಡಲ ಬಸ್ಸು ಹೊರಡೋ ಟೈಮು ತೆಗೆದುಹಾಕಿತು, ಕಂಡಕ್ಟರನ ಬಾಯಿ ಹಾಗೇ ಉಳೀತು. ಈ ಎರಡು ಇಂಗ್ಲಿಷು ಪದಗಳ ಸಂದಿನಲ್ಲಿ ನಮ್ಮ ಎಷ್ಟು ಎಕರೆ ಮಣ್ಣು ಸುರಿದುಹೋಗುತ್ತೋ ಯೋಚನೆ ಮಾಡಿ. ತಿದ್ದುಪಡಿ ಬರೆಯೋ ಹೊತ್ತಿಗೆ ಅದರಲ್ಲಿ ಇನ್ನೆರಡು ಪದ ಸೇರಿಸಿ ಅಂತ ಕೂಗೋಕೆ ನಮಗೆ ಗೊತ್ತಿರಲಿಲ್ಲ. ಈ ಮಾತಿನಲ್ಲಿ ಸರ್ಕಾರದ ಮೇಲೆ ಎಷ್ಟು ಸಿಟ್ಟಿದೆಯೋ ನಮ್ಮ ಮೇಲೂ ಅಷ್ಟೇ ಇದೆ.

ಕಾಲ ಅನ್ನೋದು ಕೋರ್ಟಿನಲ್ಲಿ ಎಲ್ಲರಿಗೂ ಒಂದೇ ಥರ ನಡೆಯಲ್ಲ. 'ಪ್ರತಿಕೂಲ ಸ್ವಾಧೀನ' ಅಂತ ಒಂದು ಪದ ಇದೆ. ಇನ್ನೊಬ್ಬನ ಜಮೀನನ್ನ ರಾಜಾರೋಷವಾಗಿ ಹನ್ನೆರಡು ವರ್ಷ ಹಿಡ್ಕೊಂಡರೆ, ಸರ್ಕಾರದ್ದನ್ನ ಮೂವತ್ತು ವರ್ಷ ಹಿಡ್ಕೊಂಡರೆ, ಹಿಡ್ಕೊಂಡೋನು ಹಕ್ಕು ಕೇಳಬಹುದು. ಕಿತ್ಕೊಂಡೋನಿಗೆ ಕಾಲ ಕಳೆದಷ್ಟೂ ಬಲ. ಕಳ್ಕೊಂಡೋನಿಗೆ ಕಾಲ ಕಳೆದಷ್ಟೂ ನಷ್ಟ. ಸಾಲದು ಅಂತ 'ನಿರ್ಲಕ್ಷ್ಯ' ಅನ್ನೋ ಬೈಗುಳ ಬೇರೆ. ಇನ್ನು ಕೇಸು ನಡೆಯೋವಾಗ ವಾಯಿದೆ ಮೇಲೆ ವಾಯಿದೆ. ಸಾಹೇಬರು ರಜ, ವಕೀಲರು ಬಂದಿಲ್ಲ, ಎದುರುದಾರನಿಗೆ ನೋಟೀಸು ಜಾರಿ ಆಗಿಲ್ಲ. ಆ ವರ್ಷಗಳನ್ನ ಯಾರೂ ವಿಳಂಬ ಅನ್ನಲ್ಲ. ಅವೆಲ್ಲ 'ಪ್ರಕ್ರಿಯೆ'.

ಬಾಬಾಸಾಹೇಬರು ಈ ಕಾಲದ ಆಟವನ್ನ ಬಲ್ಲವರಾಗಿದ್ದರು. 1927ರಲ್ಲಿ ಮಹಾಡದ ಚೌದಾರ್ ಕೆರೆಯ ನೀರು ಮುಟ್ಟಿದ್ದು ನಾವೆಲ್ಲ ಭಾಷಣದಲ್ಲಿ ಹೇಳ್ತೀವಿ. ಆಮೇಲೆ ಅವರ ಮೇಲೆ ಬಿದ್ದ ಸಿವಿಲ್ ದಾವೆಯ ವಿಚಾರ ಎಷ್ಟು ಜನ ಹೇಳ್ತೀವಿ? ಮೇಲ್ಜಾತಿಯವರ ವಾದ ಒಂದೇ ಪದದ ಮೇಲೆ ನಿಂತಿತ್ತು: 'ಅನಾದಿಕಾಲದ ರೂಢಿ'. ಅನಾದಿಯಿಂದ ಅಸ್ಪೃಶ್ಯರು ಈ ನೀರು ಮುಟ್ಟಿಲ್ಲ, ಆದ್ದರಿಂದ ಮುಟ್ಟಬಾರದು. ಹತ್ತು ವರ್ಷ ದಾವೆ ನಡೀತು. 1937ರ ಮಾರ್ಚಿನಲ್ಲಿ ಬಾಂಬೆ ಹೈಕೋರ್ಟು ಹೇಳಿತು: ರೂಢಿ ಅನಾದಿಯದು ಅಂತ ನೀವು ರುಜುವಾತು ಮಾಡಿಲ್ಲ. ಅವರು ಆ 'ಅನಾದಿ' ಅನ್ನೋ ಪದದಲ್ಲೇ ಸೋತರು. ಮೆರವಣಿಗೆ ಕೆರೆಯ ತನಕ ಕರ್ಕೊಂಡು ಹೋಯಿತು. ಕೆರೆ ಕೈಯಲ್ಲಿ ಉಳಿಯೋಕೆ ಹತ್ತು ವರ್ಷದ ದಾವೆಯೂ ಬೇಕಾಯಿತು. ಬಾಬಾಸಾಹೇಬರು ಎರಡನ್ನೂ ಮಾಡಿದರು. ನಾವು ಮೊದಲನೆಯದರ ಫೋಟೋ ಇಟ್ಕೊಂಡಿದ್ದೀವಿ.

ಒಂದು ಪದ ಹೋಗಲಿ, ಒಂದೇ ಅಕ್ಷರ ಮಾಡೋ ಹಾವಳಿ ಕೇಳಿ. ತೋಟಿ, ತಳವಾರ, ನೀರಗಂಟಿ ಕೆಲಸಕ್ಕೆ ನಮ್ಮ ಹಿರಿಯರಿಗೆ ಇನಾಂ ಜಮೀನು ಇತ್ತು. ಸತ್ತ ದನ ಎಳೆದದ್ದಕ್ಕೆ, ಊರಿಗೆ ಸಾವಿನ ಸುದ್ದಿ ಹೊತ್ತದ್ದಕ್ಕೆ, ಕೆರೆ ತೂಬು ಕಾದದ್ದಕ್ಕೆ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬಂದು ಆ ಹುದ್ದೆಗಳು ಹೋದವು, ಜಮೀನು ಅವರಿಗೇ 'ರೀಗ್ರಾಂಟ್' ಆಯಿತು. ಗ್ರಾಂಟು ಅಂದ್ರೆ ಮಂಜೂರು, ರೀಗ್ರಾಂಟು ಅಂದ್ರೆ ಮರುಮಂಜೂರು. ಜನ ಎರಡನ್ನೂ 'ಸರ್ಕಾರದ ಜಮೀನು' ಅಂತಾರೆ. ಆದರೆ ಪರಭಾರೆ ನಿಷೇಧ ಕಾಯ್ದೆ 'ಮಂಜೂರಾದ ಜಮೀನು' ಅನ್ನೋದಕ್ಕೆ ಅರ್ಥ ಹೇಳೋವಾಗ ವಂಶಪಾರಂಪರ್ಯ ಹುದ್ದೆಗೆ ಸೇರಿದ್ದನ್ನ ಹೊರಗಿಟ್ಟಿದೆ. ಊರಿನವರು ನಮ್ಮನ್ನ ಹೊರಗಿಟ್ಟ ಹಾಗೆ. ಆ ಜಮೀನಿಗೆ ಬೇರೆ ಕಾಯ್ದೆ, ಬೇರೆ ದಾರಿ. ಇದು ಗೊತ್ತಿಲ್ಲದೆ ತಳವಾರಿಕೆ ಜಮೀನಿಗೆ ಪಿ.ಟಿ.ಸಿ.ಎಲ್. ಅರ್ಜಿ ಹಾಕಿ, ವಕೀಲರ ಫೀಸಿಗೆ ಮೇಕೆ ಮಾರಿ, ಏಳೆಂಟು ವರ್ಷ ಅಲೆದು, ಕೊನೆಗೆ 'ಅನ್ವಯಿಸುವುದಿಲ್ಲ' ಅನ್ನಿಸ್ಕೊಂಡು ಬರೋ ಸಂಕಟ ಯಾಕೆ? ನಿಮ್ಮ ಮನೆಯ ಪಹಣಿ ತೆಗೆದು ಹತ್ತನೇ ಕಾಲಂ ನೋಡಿ. ಜಮೀನು ಹೇಗೆ ಬಂತು ಅಂತ ಅಲ್ಲಿರುತ್ತೆ. ಒಂಬತ್ತನೇ ಕಾಲಮಿನ ಹೆಸರು ನೋಡಿ ಖುಷಿಪಟ್ಟು ಮಡಿಸಿಡಬೇಡಿ.

ಜಮೀನಿನ ಮಾತು ಹೀಗಾಯಿತು. ಠಾಣೆಯಲ್ಲೂ ಇದೇ ಪದಗಳ ಬಲೆ. ಹೊಡೆಸ್ಕೊಂಡು ಹೋದವನಿಗೆ ಒಂದು ಚೀಟಿ ಕೊಟ್ಟು ಕಳಿಸ್ತಾರೆ. ಅವನು ಅದನ್ನ ಎಫ್.ಐ.ಆರ್. ಅಂತ ಜೇಬಿನಲ್ಲಿ ಇಟ್ಕೊಂಡು ಊರೆಲ್ಲ ತೋರಿಸ್ತಾನೆ. ಅದು ಅರ್ಜಿ ತಗೊಂಡಿದ್ದಕ್ಕೆ ಸ್ವೀಕೃತಿ ಅಷ್ಟೇ. ಎಫ್.ಐ.ಆರ್. ಆದರೆ ಕ್ರೈಂ ನಂಬರು ಇರುತ್ತೆ, ಕಲಂಗಳು ಇರುತ್ತವೆ, ಪ್ರತಿಯನ್ನ ಪುಕ್ಕಟೆ ಕೊಡಬೇಕು. ಅತ್ತ ಹೊಡೆದವನಿಂದ ಒಂದು ಪ್ರತಿದೂರು ಬರೆಸ್ಕೊಳ್ತಾರೆ. ಆಮೇಲೆ 'ರಾಜಿ'. ಆ ಪದ ಎಷ್ಟು ಮೆತ್ತಗಿದೆ ನೋಡಿ, ಮದುವೆಮನೆಯ ಮಾತಿನ ಹಾಗೆ. ಇಬ್ಬರ ಕೈಲೂ ಮುಚ್ಚಳಿಕೆ ಬರೆಸಿದರೆ ಹೊಡೆದವನೂ ಹೊಡೆಸ್ಕೊಂಡವನೂ ಒಂದೇ ತಕ್ಕಡಿಯಲ್ಲಿ. ಕೊನೆಗೊಂದು ದಿನ ಕೋರ್ಟಿನಿಂದ ಕಾಗದ ಬರುತ್ತೆ, 'ಬಿ' ರಿಪೋರ್ಟು. ಸುಳ್ಳು ಇಲ್ಲ ಸಾಕ್ಷಿ ಸಾಲದು ಅಂತ ಪೊಲೀಸರು ಕಡತ ಮುಚ್ಚೋಕೆ ಕೇಳಿದ್ದಾರೆ, ನಿನ್ನ ತಕರಾರು ಇದ್ದರೆ ಹೇಳು ಅಂತ ಅದರ ಅರ್ಥ. ನಮ್ಮವರು ಅದನ್ನ ಕೇಸು ಗೆದ್ದ ಕಾಗದ ಅಂದ್ಕೊಂಡು ದೇವರ ಗೂಡಿನಲ್ಲಿ ಇಟ್ಟಿದ್ದನ್ನ ನಾನು ಕಂಡಿದ್ದೀನಿ.

ಒಂದು ಪದ ಮಾತ್ರ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೊಸಕೋಟೆ ದಾಟಿ ಚಿಂತಾಮಣಿ ಸೀಮೆಗೆ ಹೋದರೆ ಕಂಬಾಲಪಲ್ಲಿ. 2000ದ ಮಾರ್ಚ್ 11ರ ರಾತ್ರಿ ಅಲ್ಲಿ ಏಳು ಜನ ದಲಿತರನ್ನ ಸುಟ್ಟು ಕೊಂದರು. 2006ರ ಡಿಸೆಂಬರಿನಲ್ಲಿ ಕೋಲಾರದ ಕೋರ್ಟು ಆರೋಪಿಗಳನ್ನೆಲ್ಲ ಬಿಟ್ಟಿತು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು 'ಹೋಸ್ಟೈಲ್' ಆಗಿದ್ದರು. ಆ ಕತೆ ಹೇಳೋವಾಗ ನಮ್ಮೂರ ಮುದುಕರೊಬ್ಬರು "ಸಾಕ್ಷಿಗಳೆಲ್ಲ ಹಾಸ್ಟೆಲ್ ಆಗ್ಬುಟ್ರು ಕಣಪ್ಪ" ಅಂದರು. ನಾವು ಹುಡುಗರು ನಕ್ಕೆವು. ಹೋಸ್ಟೈಲ್ ಅಂದ್ರೆ ಹಗೆಯಾದವನು. ಏಳು ಜನ ಬೆಂದ ಊರಿನಲ್ಲೇ ಉಳಿದು, ಅದೇ ನೀರು ಕುಡಿದು, ಅವರ ಹೊಲಕ್ಕೇ ಕೂಲಿಗೆ ಹೋಗಿ ಆರು ವರ್ಷ ಬದುಕಬೇಕಾದವನು ಕೋರ್ಟಿನಲ್ಲಿ ಬಾಯಿ ಕಟ್ಟಿ ನಿಂತರೆ ಕಾನೂನಿನ ಭಾಷೆಯಲ್ಲಿ ಅವನೇ ಹಗೆ. 'ಹೆದರಿದವನು' ಅನ್ನೋಕೆ ಆ ಭಾಷೆಯಲ್ಲಿ ಪದ ಇಲ್ಲ. ಸಾಕ್ಷಿಗಳ ರಕ್ಷಣೆಗೆ ಅಂತ ದೌರ್ಜನ್ಯ ತಡೆ ಕಾಯ್ದೆಗೆ 15ಎ ಕಲಂ ಸೇರಿ ಜಾರಿಗೆ ಬಂದದ್ದು 2016ರ ಜನವರಿ 26ಕ್ಕೆ. ಕಂಬಾಲಪಲ್ಲಿಗೆ ಅದು ದಕ್ಕಲಿಲ್ಲ.

ಅದೇ ದಿನದಿಂದ ಜಾರಿಗೆ ಬಂದ ಇನ್ನೊಂದನ್ನ ನೀವು ಬಾಯಿಪಾಠ ಮಾಡಬೇಕು. ಆ ಕಾಯ್ದೆಯ 4ನೇ ಕಲಂ. ನಮ್ಮವರು ಬಾಯಲ್ಲಿ ಹೇಳಿದ ದೂರನ್ನ ಠಾಣಾಧಿಕಾರಿ ಬರ್ಕೊಂಡರೆ, ಸಹಿ ಹಾಕಿಸೋ ಮುಂಚೆ ಅದನ್ನ ಓದಿ ಹೇಳಬೇಕು. ಪ್ರತಿಯನ್ನ ಕೂಡಲೇ ಕೊಡಬೇಕು. ಪರಿಶಿಷ್ಟನಲ್ಲದ ಅಧಿಕಾರಿ ಬೇಕಂತಲೇ ತಪ್ಪಿಸಿದರೆ ಆರು ತಿಂಗಳಿಂದ ಒಂದು ವರ್ಷ ಜೈಲು. (ಅದಕ್ಕೂ ಇಲಾಖಾ ವಿಚಾರಣೆಯ ಶಿಫಾರಸು ಬೇಕು ಅಂತ ಒಂದು ಬಾಲ ಕಟ್ಟಿದ್ದಾರೆ, ಅದೂ ಗೊತ್ತಿರಲಿ.) ನೋಡಿದ್ರಾ? ನಮ್ಮ ತಾತಂದಿರ ಹೆಬ್ಬೆಟ್ಟಿನ ಮೇಲೆ ಸುಳ್ಳಾಗಿ ಬರೀತಿದ್ದ ಆ ಸಾಲು ಇಲ್ಲಿ ಅಧಿಕಾರಿಯ ಕರ್ತವ್ಯ ಆಗಿದೆ. ಠಾಣೆಯಲ್ಲಿ ನಿಂತು "ಓದಿ ಹೇಳಿ ಸಾರ್, ಆಮೇಲೆ ಸಹಿ" ಅನ್ನೋದು ಉದ್ಧಟತನ ಅಲ್ಲ, ಕಾನೂನು.

ಇಷ್ಟು ಹೇಳಿದ ಮೇಲೆ ನಮ್ಮೊಳಗಿನವರೇ ಇಬ್ಬರು ಎದ್ದು ನಿಲ್ತಾರೆ. ಒಬ್ಬ ಕ್ರಾಂತಿಕಾರಿ. ಕಾನೂನು ಉಳ್ಳವರದು, ಅವರ ಪದಗಳನ್ನ ಕಲಿಯೋದು ಅವರ ಬಲೆಗೆ ಬೀಳೋದು, ನಮಗೆ ಬೀದಿ ಸಾಕು ಅಂತಾನೆ. ಅಣ್ಣಾ, ಬಲೆಗೆ ಬಿದ್ದು ನೂರು ವರ್ಷ ಆಯ್ತು. ಗಂಟು ಎಲ್ಲಿದೆ ಅಂತ ತಿಳಿದವನು ಬಿಡಿಸ್ಕೋತಾನೆ, ತಿಳಿಯದವನು ಒದ್ದಾಡಿ ಇನ್ನಷ್ಟು ಬಿಗಿ ಮಾಡ್ಕೋತಾನೆ. ಇನ್ನೊಬ್ಬ ಇಸ್ತ್ರಿ ಅಂಗಿಯ ಬುದ್ಧಿವಂತ. ಅದೆಲ್ಲ ತಾಂತ್ರಿಕ ವಿಷಯ, ವಕೀಲರಿಗೆ ಬಿಡಿ, ಹಳ್ಳಿ ಜನಕ್ಕೆ ತಿಳಿಯಲ್ಲ ಅಂತಾನೆ. ಇವನ ಮೇಲೆ ನನಗೆ ಸಿಟ್ಟು ಜಾಸ್ತಿ. ವೇದ ಕೇಳಬೇಡ ಅಂದವನೂ ಇದನ್ನೇ ಅಂದಿದ್ದ, ನಿನಗೆ ತಿಳಿಯಲ್ಲ ಅಂತ.

ತಿಳಿಯಲ್ವಾ? ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣಕ್ಕೆ ಹೋಗಿ ಕೇಳಲಿ. ಕೈಗಾರಿಕೆಗೆ ಅಂತ ಆ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ನೋಟೀಸು ಬಂತು. 2022ರ ಏಪ್ರಿಲ್ 4ರಿಂದ ರೈತರು ಧರಣಿ ಕೂತರು. 2025ರ ಜುಲೈ 15ಕ್ಕೆ ಭೂಸ್ವಾಧೀನ ಕೈಬಿಡ್ತೀವಿ ಅಂತ ಮುಖ್ಯಮಂತ್ರಿಗಳು ಹೇಳೋ ತನಕ 1,198 ದಿನ. ಆ ಧರಣಿಯ ಜನಕ್ಕೆ ಪ್ರಾಥಮಿಕ ಅಧಿಸೂಚನೆ ಯಾವುದು, ಅಂತಿಮ ಅಧಿಸೂಚನೆ ಯಾವುದು ಅಂತ ಯಾವ ಕಾಲೇಜು ಕಲಿಸಿತು? 28ರ 1 ಅಂದ್ರೆ 'ತಗೋಬೇಕು ಅಂತಿದ್ದೀವಿ', ನೋಟೀಸು ತಲುಪಿದ 30 ದಿನದೊಳಗೆ ಬೇಡ ಅಂತ ಬರೆದು ಕೊಡು. 28ರ 4 ಅಂದ್ರೆ 'ತಗೊಂಡ್ವಿ', ಅಲ್ಲಿಂದ ಮುಂದೆ ಜಮೀನು ಸರ್ಕಾರದ್ದು. ಎರಡು ಅಂಕಿಗಳ ನಡುವೆ ಇರೋ ಆ ಸಂದಿನಲ್ಲೇ ರೈತ ನಿಂತು ಕೂಗಬೇಕು. ರೇಷ್ಮೆಹುಳ ಮೇಯಿಸೋ ಹೆಂಗಸರಿಗೆ ಇದು ತಿಳೀತದೆ. ಹಣ್ಣಾದ ಹುಳ ಯಾವ ದಿನ ಚಂದ್ರಿಕೆಗೆ ಏರಿಸಬೇಕು ಅಂತ ಗೊತ್ತಿರೋರಿಗೆ ಇದೇನು ಮಹಾ?

ಪದಗಳನ್ನ ಕಠಿಣ ಮಾಡೋದು ಇಂಗ್ಲಿಷು ಒಂದೇ ಅಲ್ಲ. ಸಂವಿಧಾನದ 348ನೇ ವಿಧಿಯ ದೆಸೆಯಿಂದ ಹೈಕೋರ್ಟು ಸುಪ್ರೀಂಕೋರ್ಟಿನ ಭಾಷೆ ಇಂಗ್ಲಿಷು, ಅದು ಇರಲಿ. 2024ರ ಜುಲೈ 1ರಿಂದ ಕ್ರಿಮಿನಲ್ ಕಾಯ್ದೆಗಳ ಹೆಸರು ಬದಲಾಯಿತು. ಐ.ಪಿ.ಸಿ. ಹೋಗಿ ನ್ಯಾಯ ಸಂಹಿತೆ, ಸಿ.ಆರ್.ಪಿ.ಸಿ. ಹೋಗಿ ನಾಗರಿಕ ಸುರಕ್ಷಾ ಸಂಹಿತೆ. ಗುಲಾಮಗಿರಿಯ ಗುರುತು ಅಳಿಸಿದೆವು ಅಂದರು. ಯಾರ ಗುಲಾಮಗಿರಿ? ನಮ್ಮ ಅಜ್ಜಿಗೆ ಇಂಗ್ಲಿಷಿನ ಕೋಡೂ ಒಂದೇ, ಸಂಸ್ಕೃತದ ಸಂಹಿತೆಯೂ ಒಂದೇ. ಎರಡೂ ಅವಳ ಕಿವಿಗೆ ಬೀಳದ ಹಾಗೆ ಬರೆದದ್ದೇ. ಇನ್ನು ನಮ್ಮ ಕಚೇರಿ ಕನ್ನಡವೋ! ಅರ್ಜಿ 'ವಿಲೇವಾರಿ' ಆಗಿದೆ ಅಂತಾರೆ. ನಗರಸಭೆಯವರು ಕಸಕ್ಕೂ ಅದೇ ಪದ ಬಳಸೋದು.

ಬೇಸಿಗೆ ರಜಕ್ಕೆ ಹೋದಾಗ ನಿಮ್ಮ ಮನೆಯ ಟ್ರಂಕು ತೆಗೆಸಿ. ಸೀರೆ, ಕಂಬಳಿ ಕೆಳಗೆ ಕಾಗದ ಇರುತ್ತೆ, ಅರ್ಧ ಗೆದ್ದಲು ತಿಂದಿರುತ್ತೆ. ಸಾಗುವಳಿ ಚೀಟಿ ಇದ್ದರೆ ಅದರ ಹಿಂದುಮುಂದು ಓದಿ, ಷರತ್ತು ಅಲ್ಲೇ ಇರೋದು. ಇಷ್ಟು ವರ್ಷ ಪರಭಾರೆ ಮಾಡಬಾರದು ಅಂತಲೋ, ಯಾವತ್ತೂ ಮಾಡಬಾರದು ಅಂತಲೋ. ಇಲ್ಲದಿದ್ದರೆ ತಾಲ್ಲೂಕು ಕಚೇರಿಯಲ್ಲಿ ನಕಲಿಗೆ ಅರ್ಜಿ ಹಾಕಿ, ಸಿಗಲ್ಲ ಅಂದರೆ ಅದನ್ನೇ ಬರೆದು ಕೊಡಿ ಅನ್ನಿ. ಬಾಯಲ್ಲಿ ಇಲ್ಲ ಅಂದಿದ್ದಕ್ಕೆ ಯಾವ ಕೋರ್ಟಿನಲ್ಲೂ ಬೆಲೆ ಇಲ್ಲ, ಹಿಂಬರಹಕ್ಕೆ ಇದೆ. ಆದೇಶ ಕೈಗೆ ಬಂದ ದಿನವನ್ನ ಅದರ ಮೇಲೆ ಬರೆದಿಡಿ. ಎ.ಸಿ. ಆದೇಶದ ಮೇಲೆ ಡಿ.ಸಿ.ಗೆ ಮೇಲ್ಮನವಿ ಹೋಗೋಕೆ ಇರೋದು ಮೂರೇ ತಿಂಗಳು. ನಿಮ್ಮಪ್ಪ 'ನಿನಗ್ಯಾಕಲಾ, ಓದ್ಕೊ ಹೋಗು' ಅಂತಾನೆ. ಇದೂ ಓದೇ ಕಣಪ್ಪ ಅನ್ನಿ.

ಅಜ್ಜಿಯ ಕೇಸು ಇನ್ನು ಹೈಕೋರ್ಟಿಗೆ ಹೋಗಬೇಕು. ವಕೀಲರೊಬ್ಬರು ಮೂಲ ಚೀಟಿ ತನ್ನಿ ಅಂದಿದ್ದಾರೆ. ಹೋದ ವಾರ ಮತ್ತೆ ಊರಿಗೆ ಹೋದೆ. ದೀಪ ಹಚ್ಚೋ ಹೊತ್ತಿನಲ್ಲಿ ಅವಳ ಗುಡಿಸಲ ಮುಂದೆ ಕೂತು ಸಾಗುವಳಿ ಚೀಟಿಯನ್ನ ಮಡಿಕೆ ಹರಿಯದ ಹಾಗೆ ಬಿಡಿಸಿ, ಅಕ್ಷರಕ್ಷರ ಓದಿ, ಒಂದೊಂದು ಪದವನ್ನೂ ಅವಳ ಮಾತಿಗೆ ತಂದು ಹೇಳಿದೆ. ಗಂಡನ ಹೆಸರು ಬಂದಾಗ ಸೆರಗು ಎಳ್ಕೊಂಡಳು. ಚಕ್ಕುಬಂದಿ ಬಂತು. ಮೂಡಲಿಗೆ ಸರ್ಕಾರಿ ಬೀಳು, ಪಡುವಲಿಗೆ ಹಳ್ಳ, ತೆಂಕಲಿಗೆ ದಾರಿ, ಬಡಗಲಿಗೆ ಇನ್ನೊಬ್ಬರ ಜಮೀನು. ಅವಳು ತಡೆದಳು.

"ಬಡಗಲ ಬದಾದ ಮೇಲೆ ಹುಣಸೇಮರ ಇತ್ತಲ್ಲ, ಅದ ಬರ್ದಿಲ್ವಾ?"

"ಇಲ್ಲ ಕಣಜ್ಜಿ."

"ನಮ್ಮತ್ತೆ ಹಾಕಿದ್ ಮರ ಅದು. ಲೇಔಟಿನೋರು ಕಡ್ದವ್ರೆ, ಬುಡ ಇನ್ನೂ ಐತೆ. ಬರ್ಕೋ" ಅಂದಳು.

ಬರ್ಕೊಂಡೆ. ಬರೆದದ್ದನ್ನ ಅವಳಿಗೆ ಓದಿ ಹೇಳಿದೆ. "ಊರಿನ ಕಡೆ ಕೊಂಬೇಲಿ ತೊಟ್ಲು ಕಟ್ತಿದ್ದೋ, ಅದೂ ಸೇರ್ಸು" ಅಂದಳು.